ಗೆರ್ಮನ್‌ಗ ಮರಿಯಾ ಮ್ಯಾಲ ಇದ್ದದ್ದು ಪ್ರೀತಿನೋ ಹುಚ್ಚೋ? (ಬ್ಲಡ್‌ಬೋರ್ನ್ ವಿಡಿಯೋ ಗೇಮ್ ಮುಗಿಸದವರು ಒಳಗ ಬರಬ್ಯಾಡ್ರಿ)

ಟಿಳಕವಾಡಿ_ಬೇಟೆಗಾರ · ಶನಿವಾರ ರಾತ್ರಿ 9:40

ನಿನ್ನೆ ರಾತ್ರಿ ಎರಡಕ್ಕ ಮರಿಯಾನ್ನ ಸೋಲಿಸಿದೆ. ಹದಿನೇಳನೇ ಸಲಕ್ಕ. ಹದಿನಾರನೇ ಸಲ ಅಕಿ ಜೀವ ಕಡ್ಡಿಯಷ್ಟ ಉಳಿದಿತ್ತು, ಟಪ್ ಅಂತ ಕರೆಂಟ್ ಹೋತು. ಆ ಸಿಟ್ಟು ಬ್ಯಾರೆ ಐತಿ, ಈಗ ಬ್ಯಾಡ.

ಸೋಲಿಸಿ ಹಂಟರ್ಸ್ ಡ್ರೀಮ್‌ಗ, ಅಂದ್ರ ಬೇಟೆಗಾರ ತಿರುಗಿ ಬರೋ ಕನಸಿನ ಜಾಗಾಕ್ಕ, ಬಂದು ಅಲ್ಲಿರೋ ಗೊಂಬಿನ್ನ ಮಾತಾಡಿಸಿದೆ. ತನ್ನೊಳಗ ಎಲ್ಲೋ ಭಾರದ ಬೇಡಿ ಕಳಚಿದಂಗ ಆತು, ನಾ ಏನರ ಬದಲಾಗೇನೇನು ಅಂತ ಕೇಳಿದ್ಲು. ಮೈ ಜುಂ ಅಂತು. 2015ರ ಮಾರ್ಚ್‌ನಾಗ ಗೇಮ್ ಬಂದಾಗ ನಾ ಕಾಲೇಜಿನ್ಯಾಗಿದ್ದೆ, ಗೆಳ್ಯಾನ ಪ್ಲೇಸ್ಟೇಷನ್ 4 ಮ್ಯಾಲ ಆಡಿ ಮುಗಿಸಿದ್ದೆ. ಅದ ವರ್ಷ ನವೆಂಬರ್‌ನಾಗ ಬಂದ ಅದರ ಮುಂದಿನ ಭಾಗ ಓಲ್ಡ್ ಹಂಟರ್ಸ್ ಮಾತ್ರ ಆಡಿರಲಿಲ್ಲ. ಅಂದ್ರ ಇಷ್ಟು ವರ್ಷ ಅರ್ಧಾ ಕಥಿ ಇಟ್ಕೊಂಡು ಓಡಾಡೀನಿ.

ನನ್ನ ವಾದ ಇಷ್ಟ. ಗೆರ್ಮನ್ ಮೊದಲನೇ ಬೇಟೆಗಾರ, ಮರಿಯಾ ಅವನ ಶಿಷ್ಯಳು. ಅಕಿ ಸತ್ಲು. ಅಂವ ಅಕಿ ಮಾರಿನ ಹಚ್ಚಿ ಗೊಂಬಿ ಮಾಡಿದ. ಅದ ಮಾರಿ, ಅದ ಎತ್ತರ, ದನಿ ಕೊಟ್ಟಾಕಿನೂ ಒಬ್ಬಾಕಿನ. ಗೇಮ್‌ನಾಗ ಗೊಂಬಿ ಅರಿವಿ ಸಿಕ್ಕಾಗ ಅದರ ಮ್ಯಾಲ ಬರೋ ವಿವರಣಿ ಓದ್ರಿ: ಎಷ್ಟು ನಾಜೂಕಾಗಿ ಹೊಲದಾರ, ಎಷ್ಟು ಜೋಪಾನ ಮಾಡ್ಯಾರ, ಇನ್ನೂ ಸ್ವಲ್ಪ ಬಿಸುಪು ಐತಿ ಅಂತೈತಿ. ಇದು ಪ್ರೀತಿ ಅಲ್ಲದಿದ್ರ ಮತ್ತ ಏನ್ರಿ?

ಖಡಕ್_ರೊಟ್ಟಿ · 9:44

ಹದಿನೇಳ ಸಲ ಬಡಿಸ್ಕೊಂಡು ಪ್ರೀತಿ ಹುಟ್ಟಿದ್ದು ನಿನಗ, ಗೆರ್ಮನ್‌ಗ ಅಲ್ಲ ತಮ್ಮಾ.

ಗುಮ್ಮಟದ_ಗುಬ್ಬಿ · 9:58

ಅದ ಅರಿವಿ ಬರಹದಾಗ ಮುಂದಿನ ಮಾತು ಯಾಕ ನುಂಗಿದಿ? ಆ ಪ್ರೀತಿ ಹುಚ್ಚಿನ ಅಂಚಿಗೆ ಬಂದದ ಅಂತನೂ ಬರದಾರ.

ಇನ್ನೊಂದು ನೆನಪು ಮಾಡ್ಕೋ. ಗೇಮ್ ಶುರು ಆಗಿ ಹತ್ತು ಮಿನಿಟ್‌ನಾಗ ಗಾಲಿ ಕುರ್ಚಿ ಮ್ಯಾಲ ಕುಂತ ಆ ಮುದುಕ ಏನಂತಾನ? ಇಲ್ಲಿರೋದು ಏನ್ ಬೇಕೋ ಬಳಸ್ಕೋ ಅಂತಾನ. ಆಮ್ಯಾಲ ದನಿ ಸಣ್ಣ ಮಾಡಿ, ಮನಸ್ಸಿಗೆ ಬಂದ್ರ ಆ ಗೊಂಬಿನೂ ಅಂತಾನ. ಪ್ರೀತಿ ಮಾಡಿದಾಕಿ ಮಾರಿ ಇರೋ ಗೊಂಬಿನ್ನ ಗುರ್ತು ಪರಿಚಯ ಇಲ್ಲದ ಬೇಟೆಗಾರಗ "ಬೇಕಾದ್ರ ತಗೋ" ಅನ್ನಾಂವ ಪ್ರೇಮಿ ಹೆಂಗಾಗ್ತಾನ? ನಾ ಆ ಮಾತು ಕೇಳಿದ ದಿನಾನ ಕಂಟ್ರೋಲರ್ ಕೆಳಗಿಟ್ಟು ಚಹಾ ಕುಡ್ಯಾಕ ಎದ್ದು ಹೋಗಿದ್ದೆ.

ಟಿಳಕವಾಡಿ_ಬೇಟೆಗಾರ · 10:03

ಅಕ್ಕಾರ, ಅದು ದಣಿದ ಮುದುಕನ ಮಾತು. ಎಷ್ಟು ಬೇಟೆಗಾರರು ಬಂದ್ರು, ಎಷ್ಟು ಮಂದಿ ಹೋದ್ರು. ಅವನಿಗೆ ಯಾವುದ್ರ ಮ್ಯಾಲನೂ ಆಸೆ ಉಳಿದಿಲ್ಲ ಅಂತ ತೋರ್ಸ್ಯಾರ.

ಗುಮ್ಮಟದ_ಗುಬ್ಬಿ · 10:05

ದಣಿದ್ರ ದಣೀಲಿ. ದನಿ ಯಾಕ ಸಣ್ಣ ಮಾಡಬೇಕು?

ಮುಧೋಳ_ಹೌಂಡ್ · 10:11

ನೀವ್ಯಾರೂ ಮುಖ್ಯ ವಿಷಯಕ್ಕ ಬರವಲ್ರಿ. ಮರಿಯಾ ಕೇನ್‌ಹರ್ಸ್ಟ್ ರಾಣಿ ತಂಗಿ. ರಾಜಮನೆತನದಾಕಿ. ಗೆರ್ಮನ್ ಅಕಿನ್ನ ಕೇಳಿದ, ಅಕಿ ಒಲ್ಲೆ ಅಂದ್ಲು, ಅಂವ ಕೊಂದ. ಅಷ್ಟ. ಗೊಂಬಿ ಮಾಡಿದ್ದು ಪಶ್ಚಾತ್ತಾಪಕ್ಕ.

ಇಳಕಲ್ಲ_ಸೆರಗು · 10:26

ಅಣ್ಣಾರ, ಮೂರು ಮಾತಿನ್ಯಾಗ ಮೂರೂ ತಪ್ಪು.

ತಂಗಿ ಅಲ್ಲ, ದೂರದ ಸಂಬಂಧ. ಮರಿಯಾ ಅರಿವಿ ಮ್ಯಾಲನೂ ಹಂಗ ಐತಿ, ಕತ್ತಿ ಮ್ಯಾಲನೂ ಹಂಗ ಐತಿ. "ಕೇಳಿದ, ಒಲ್ಲೆ ಅಂದ್ಲು" ಅನ್ನೋದು ಗೇಮ್‌ನಾಗ ಎಲ್ಲೂ ಇಲ್ಲ, ಅದು ನಮ್ಮ ಧಾರಾವಾಹಿ ನೋಡಿ ಬಂದ ಚಟ. ಕೊಂದ ಅನ್ನೋದಕ್ಕಂತೂ ಒಂದು ಅಕ್ಷರದ ಆಧಾರ ಇಲ್ಲ.

ಆಧಾರ ಇರೋದು ಬಾವ್ಯಾಗ. ಮೀನುಗಾರರ ಊರಿನ ಬಾವ್ಯಾಗ ಸಿಗತೈತಲ್ಲ ಮರಿಯಾನ ಕತ್ತಿ ರಾಕುಯೋ, ಅದರ ಮ್ಯಾಲೆ ಬರದಾರ: ರಕ್ತ ಹೀರೋ ಕತ್ತಿ ಅಕಿಗೆ ಸೇರ್ತಿರಲಿಲ್ಲ, ಕೈಚಳಕ ಬೇಡೋ ಈ ಕತ್ತಿ ಮ್ಯಾಲ ಜೀವಾ ಇಟ್ಟಿದ್ಲು, ಒಂದು ದಿನ ಇನ್ನ ತಾಳಾಕ ಆಗದ ಕತ್ತಲ ಬಾವಿಗೆ ಒಗದ್ಲು. ಆ ಊರಾಗ ಬರ್ಗೆನ್‌ವರ್ತ್ ಅನ್ನೋ ವಿದ್ಯಾಪೀಠದವರು ಏನು ಮಾಡಿದ್ರು ಅನ್ನೋದು ನಿಮಗ ಗೊತ್ತೈತಿ. ಮಂದಿ ತಲಿ ಬಿಚ್ಚಿ ಕಣ್ಣು ಹುಡುಕಿದ್ರು. ಅಕಿನ್ನ ಮುರಿದದ್ದು ಆ ಊರು, ಗೆರ್ಮನ್‌ನ ಪ್ರೀತಿ ಅಲ್ಲ.

ಇನ್ನ ಒಂದು. ರಕ್ತದ ಕತ್ತಿ ಬ್ಯಾಡ ಅಂದಾಕಿ, ನಾವು ಬಡಿದು ಜೀವ ಇಳಿಸಿದಾಗ ಏನ್ ಮಾಡ್ತಾಳ? ತನ್ನ ಕತ್ತಿ ತಾನ ಚುಚ್ಕೊಂಡು ತನ್ನ ರಕ್ತದಿಂದನ ಹೊಡಿತಾಳ. ಆಮ್ಯಾಲ ಅದಕ್ಕ ಬೆಂಕಿನೂ ಹತ್ತತೈತಿ. ಅಷ್ಟು ವರ್ಷ ತಡದದ್ದು ಒಂದು ಗುಟ್ಟು ಕಾಯೋ ಸಲುವಾಗಿ ಬಿಟ್ಲು. ಇದರಾಗ ನಿಮಗ ಗಂಡ್ಸು ಒಬ್ಬಾಂವ ಬೇಕ ಬೇಕೇನು?

ಮುಧೋಳ_ಹೌಂಡ್ · 10:29

ತಂಗಿ ಅಂದದ್ದು ತಪ್ಪಾತು. ಉಳದದ್ದು ನೋಡೂಣು.

ಸಿಂದಗಿ_ಸಿದ್ಧ · 10:33

ಆ ಬಾವ್ಯಾಗ ಎರಡು ಶಾರ್ಕ್ ರಾಕ್ಷಸ ಅದಾವಲ್ರಿ, ಅವನ್ನ ಹೆಂಗ ಹೊಡಿಬೇಕು? ನಾಕು ದಿನಾತು. ಒಂದನ್ನ ಹೊಡ್ಯಾಕ ಹತ್ತಿದ್ರ ಇನ್ನೊಂದು ಮ್ಯಾಲಿಂದ ಬೀಳತದ.

ಖಡಕ್_ರೊಟ್ಟಿ · 10:34

ಹೊಡೀಲೇಬೇಕು. ಅದನ್ನ ಕೊಂದ ಮ್ಯಾಲನ ಕತ್ತಿ ಬೀಳತೈತಿ. ಒಂದು ಏಟು ಹೊಡಿ, ದೂರ ಓಡು, ಮತ್ತ ಬಾ. ಮಾನ ಹೋಗ್ತೈತಿ, ಅಷ್ಟ.

ಸಿಂದಗಿ_ಸಿದ್ಧ · 10:51

ಸಿಕ್ತು!! ಮಾನ ಹೋತು. ಧನ್ಯವಾದ ಅಣ್ಣಾರ.

ಫೌಂಡ್ರಿ_ಅಣ್ಣ · 11:07

ತಡಾ ಆತು, ಈಗ ಶಿಫ್ಟ್ ಮುಗಿಸಿ ಬಂದೆ. ಕೆಲಸದ ಸಲುವಾಗಿ ಒಂದೂವರಿ ವರ್ಷ ಜಪಾನೀ ಭಾಷಾ ಕಲ್ತೀನಿ, ಆ ಖರ್ಚು ಇಲ್ಲೇರ ವಸೂಲಾಗ್ಲಿ.

ಜಗಳ ಎಲ್ಲಾ ಹುಟ್ಟಿದ್ದು ಮರಿಯಾ ಅರಿವಿ ಮ್ಯಾಲಿನ ಒಂದು ಸಾಲಿಂದ. ಇಂಗ್ಲಿಷಿನ್ಯಾಗ, ಅಕಿ ಗೆರ್ಮನ್‌ನ ಭಾಳ ಮೆಚ್ಚಿದ್ಲು, ಅವನ ವಿಚಿತ್ರ ಹುಚ್ಚಿನ ಅರಿವಿಲ್ಲದ, ಅನ್ನೋ ಅರ್ಥ ಬರ್ತೈತಿ. ಇಂಗ್ಲಿಷ್ ಓದಿದವರೆಲ್ಲಾ "ಓಹೋ, ಮುದುಕಗ ಹುಡಿಗಿ ಮ್ಯಾಲ ಕೆಟ್ಟ ಕಣ್ಣು" ಅಂತ ತೀರ್ಮಾನ ಮಾಡಿಬಿಟ್ರು. ಮೂಲದಾಗ ಇರೋದು "ಕೋಕಿ ನೋ ಕ್ಯೋನೆತ್ಸು". ಕೋಕಿ ಅಂದ್ರ ಕುತೂಹಲ. ಕ್ಯೋನೆತ್ಸು ಅಂದ್ರ ಹುಚ್ಚು ಆವೇಶ. ಕುತೂಹಲದ ಹುಚ್ಚು! ಬರ್ಗೆನ್‌ವರ್ತ್‌ನ ಮಂದಿಗೆಲ್ಲಾ ಇದ್ದದ್ದು ಅದ ಜಡ್ಡು. ಒಳಗ ಏನೈತಿ ಬಿಚ್ಚಿ ನೋಡಬೇಕು ಅನ್ನೋದು. ಹಂಗ ಓದಿದ್ರ ಆ ಸಾಲು ಪ್ರೀತಿದಲ್ಲ, ಮೀನುಗಾರರ ಊರಿಂದು. ಇಳಕಲ್ಲ ಅಕ್ಕಾರು ಹೇಳಿದ್ದಕ್ಕ ಬರೋಬ್ಬರಿ ಹೊಂದತೈತಿ.

ಮೆಚ್ಚಿದ್ಲು ಅನ್ನೋ ಜಾಗಾದಾಗ ಇರೋದು "ಶಿತಾವು". ಅದಕ್ಕ ಮೆಚ್ಚೋದು ಅಂತ ಮಾಡಿದ್ರ ತೆಳ್ಳಗಾಗ್ತೈತಿ, ಪ್ರೀತಿ ಅಂದ್ರ ಹೆಚ್ಚಾಗ್ತೈತಿ. ಸಣ್ಣ ಹುಡುಗೂರು ಮಾಸ್ತರ ಹಿಂದ ತಿರಗತಾವಲ್ಲ, ಅದಕ್ಕೂ ನಡೀತೈತಿ, ಪ್ರೀತಿ ಮಾಡಾಕೂ ನಡೀತೈತಿ.

(ರಾಕುಯೋ ಅಂದ್ರ ಉದುರಿದ ಎಲಿ. ಇದಕ್ಕೂ ವಾದಕ್ಕೂ ಸಂಬಂಧ ಇಲ್ಲ, ಗೊತ್ತಿದ್ದದ್ದು ಹೇಳದ ಇರಾಕ ಆಗ್ಲಿಲ್ಲ.)

ಇಳಕಲ್ಲ_ಸೆರಗು · 11:12

ನಮ್ಮಲ್ಲಿ ಅದಕ್ಕ ಶಬ್ದ ಐತಲ್ರಿ. ಹಚ್ಚಿಕೊಳ್ಳೋದು. "ಆ ಹುಡಿಗಿ ಮಾಸ್ತರನ್ನ ಭಾಳ ಹಚ್ಚಿಕೊಂಡೈತಿ" ಅಂತೀವಿ. ಮಾಸ್ತರನ್ನೂ ಹಚ್ಚಿಕೊಳ್ತೀವಿ, ಅಜ್ಜಿನ್ನೂ, ಕರಾನೂ ಹಚ್ಚಿಕೊಳ್ತೀವಿ. ಪ್ರೀತಿ ಐತಿ, ಆದ್ರ ಮದಿವಿ ಮಾತು ಅಲ್ಲ.

ಫೌಂಡ್ರಿ_ಅಣ್ಣ · 11:13

ಅಕ್ಕಾರ, ಒಂದೂವರಿ ವರ್ಷದ ಫೀ ನಿಮ್ಮ ಒಂದು ಶಬ್ದಕ್ಕ ಹೋತು. ಹಚ್ಚಿಕೊಂಡಿದ್ಲು. ಅದ.

ಟಿಳಕವಾಡಿ_ಬೇಟೆಗಾರ · 11:20

ಆತು, ಮರಿಯಾ ಹಚ್ಚಿಕೊಂಡಿದ್ಲು, ಪ್ರೀತಿ ಅಲ್ಲ. ಒಪ್ಪಿದೆ. ನಾ ಕೇಳಿದ್ದು ಗೆರ್ಮನ್ ಬಗ್ಗೆ. ಅಕಿ ಕಡಿಂದ ಇಲ್ಲ ಅಂದ್ರ ಅವನ ಕಡಿಂದನೂ ಇಲ್ಲ ಅಂತ ಆಗೂದಿಲ್ಲ.

ಖಡಕ್_ರೊಟ್ಟಿ · 11:24

ಪ್ರೀತಿ ಪ್ರೇಮ ಅಂತ ಬಡಕೊಳ್ಳೋರಿಗೆ ನನ್ನ ಕಥಿ ಕೇಳ್ರಿ. ಕೇನ್‌ಹರ್ಸ್ಟ್ ರಾಣಿ ಅನಲೀಸ್‌ಗ ನಾ ಉಂಗುರ ಕೊಟ್ಟೆ. ಚಾಲಿಸ್ ಡಂಜನ್ ಅನ್ನೋ ನೆಲದಡಿಯ ಗೋರಿಗಳೊಳಗ ವಾರಗಟ್ಟಲೆ ಸತ್ತು ಸತ್ತು ತಂದ ಉಂಗುರ. ಲಗ್ನದ ಉಂಗುರ ಅಂತನ ಹೆಸರು. ಮೊಳಕಾಲೂರಿ ಕೊಟ್ಟೆ. ಅಕಿ ಭಾಳ ಮರ್ಯಾದಿಂದ, ನೀ ನನಗ ಬೇಕಾದಾಂವ ಅದಿ, ಆದ್ರ ಇದು ಆಗೂದಿಲ್ಲ ಅನ್ನೂ ಹಂಗ ಹೇಳಿ ಕಳಿಸಿದ್ಲು. ನಮ್ಮ ಕಡೆ ಹೆಣ್ಣು ನೋಡಾಕ ಹೋದಾಗ ಚುರಮರಿ ಚಹಾ ಆದ್ರೂ ಕೊಡ್ತಾರ. ಇಲ್ಲಿ ಅದೂ ಇಲ್ಲ.

ಮುಧೋಳ_ಹೌಂಡ್ · 11:27

ನಿನಗ ಪುಣ್ಯಾ. ಆ ಉಂಗುರದ ಮ್ಯಾಲಿನ ಬರಹ ಓದಿ ಇಲ್ಲೇನು? ದೊಡ್ಡವರ, ಅಂದ್ರ ಈ ಗೇಮ್‌ನ ದೇವರಂಥಾ ಜೀವಿಗಳ, ಕಾಲದಾಗ ಲಗ್ನ ಅಂದ್ರ ರಕ್ತದ ಕರಾರು, ವಿಶೇಷ ಕೂಸು ಹಡೆಯೋರಿಗೆ ಅಷ್ಟ. ಗೇಮ್ ನಡಿಯೋ ಊರು ಯಾರ್ನಮ್‌ನಾಗ ಹಡೆದವರ ಗತಿ ನೋಡೀಯಲ್ಲ. ಅರಿಯಾನಾ ಅನ್ನೋ ಹೆಂಗಸು ಹಡದಾಗ ನಗ್ತಿದ್ಲೋ ಅಳ್ತಿದ್ಲೋ ನನಗ ಇನ್ನೂ ತಿಳಿದಿಲ್ಲ.

ಸಿಂದಗಿ_ಸಿದ್ಧ · 11:30

ಅರಿಯಾನಾ ನನ್ನ ಆಟದಾಗ ಸತ್ಲು. ಆ ಸನ್ಯಾಸಿನಿ ಅಡೆಲ್ಲಾ ಕೊಂದ್ಲು. ಯಾಕ?

ಮುಧೋಳ_ಹೌಂಡ್ · 11:31

ಅರಿಯಾನಾ ಕಡೆ ಮತ್ತ ಮತ್ತ ರಕ್ತ ತಗೊಂಡಿ, ಅಡೆಲ್ಲಾಗ ಹೊಟ್ಟಿಕಿಚ್ಚು. ಈ ಗೇಮ್‌ನಾಗ ಖರೇ ಪ್ರೀತಿ ಪ್ರಕರಣ ಅಂದ್ರ ಅದೊಂದ ನೋಡ್ರಿ.

ಖಡಕ್_ರೊಟ್ಟಿ · 11:33

ಇನ್ನ ಒಂದು. ಉಂಗುರದ ಸಿಟ್ಟಿಗೆ ನಾ ಆ ರಾಣಿ ವೈರಿ ಆಲ್ಫ್ರೆಡ್‌ಗ ಕೇನ್‌ಹರ್ಸ್ಟ್‌ಗ ಹೋಗೋ ಚೀಟಿ ಕೊಟ್ಟುಬಿಟ್ಟೆ. ಅಂವ ಹೋಗಿ ರಾಣಿನ್ನ ಕೈಮಾ ಮಾಡಿದ. ಆಮ್ಯಾಲ ಭಾಳ ಬ್ಯಾಸರ ಆತು.

ಇಳಕಲ್ಲ_ಸೆರಗು · 11:35

ಅಕಿ ಸಾಯಂಗಿಲ್ಲ, ಅದಕ್ಕ ಅಕಿಗೆ ಸಾವಿಲ್ಲದ ರಾಣಿ ಅನ್ನೋದು. ಆ ಮಾಂಸ ಎತ್ಕೊಂಡು ಎಬ್ರಿಯೆಟಾಸ್ ಅನ್ನೋ ದೊಡ್ಡ ಜೀವಿ ಹಿಂದಿನ ಬಲಿಪೀಠಕ್ಕ ಒಯ್ಯಿ, ಎದ್ದು ಕುಂದರತಾಳ. ಉಂಗುರ ಮಾತ್ರ ಮತ್ತ ತೋರಿಸಬ್ಯಾಡ.

ಕಟ್ಟಿಮ್ಯಾಲಿನ_ಕಾಕಾ (ನಿರ್ವಾಹಕ) · 11:41

ಉಂಗುರ, ಕೈಮಾ, ಶಾರ್ಕ್ ಎಲ್ಲಕ್ಕೂ ಬ್ಯಾರೆ ಬ್ಯಾರೆ ಎಳೆ ಐತಿ. ಇಲ್ಲಿ ಗೆರ್ಮನ್ ಮರಿಯಾ ಅಷ್ಟ. ಮತ್ತ ರಾತ್ರಿ ಹನ್ನೆರಡಾಗ್ತ ಬಂತು, ಹುಡುಗೂರು ಮಲ್ಕೋರಿ.

ಗುಮ್ಮಟದ_ಗುಬ್ಬಿ · ರವಿವಾರ ಬೆಳಿಗ್ಗೆ 8:15

ರಾತ್ರಿ ನಿದ್ದಿ ಬರಲಿಲ್ಲ, ಇದನ್ನ ವಿಚಾರ ಮಾಡ್ಕೋತ ಮಲಗಿದ್ದೆ. ನಮ್ಮೂರ ಮಂದಿಗೆ ಗೊತ್ತಿರತದ, ಗೋಳಗುಮ್ಮಟದ ಒಳಗ ಕಟ್ಟಿ ಮ್ಯಾಲ ಸಾಲಾಗಿ ಗೋರಿ ಅವ. 1656ರಾಗ ತೀರಿದ ಮುಹಮ್ಮದ್ ಆದಿಲ್ ಶಾಹಂದು, ಅವನ ಹೆಂಡರದು, ಪ್ರೇಯಸಿ ರಂಭಾಂದು, ಮಗಳದು, ಮೊಮ್ಮಗಂದು. ಶಾಲಿ ಹುಡುಗೂರು ಬಂದು ಅದನ್ನ ನೋಡಿ ಮ್ಯಾಲ ಗ್ಯಾಲರಿಗೆ ಓಡ್ತಾವ, ಚೀರಿ ಪ್ರತಿಧ್ವನಿ ಎಣಸ್ತಾವ. ಆದ್ರ ಕಟ್ಟಿ ಮ್ಯಾಲಿನವು ತೋರಿಕಿವು. ಖರೇ ಗೋರಿ ಅವುಗಳ ಸೀದಾ ಕೆಳಗ, ನೆಲಮಾಳಿಗ್ಯಾಗ ಅವ.

ಹಂಟರ್ಸ್ ಡ್ರೀಮ್‌ನಾಗಿನ ಗೊಂಬಿ ಆ ಮ್ಯಾಲಿನ ಗೋರಿ. ಮರಿಯಾ ಕೆಳಗ, ನೈಟ್‌ಮೇರ್ ಅನ್ನೋ ಕೆಟ್ಟ ಕನಸಿನ ಲೋಕದ ಗಡಿಯಾರ ಗೋಪುರದಾಗ ಕುರ್ಚಿ ಮ್ಯಾಲ ಹೆಣಾ ಆಗಿ ಕುಂತಾಳ. ಬಂದವರೆಲ್ಲಾ ಮ್ಯಾಲಿಂದು ನೋಡಿ ಹೋಗ್ತಾರ. ನಾವು ಕೆಳಗಿಳಿದು ಮುಟ್ಟಾಕ ಹೋದ್ರ ಅಕಿ ಕೈ ಹಿಡಿದು, ಹೆಣದ ಗೊಡವಿಗೆ ಬರಬಾರದು ಅಂತಾಳ. ಅದಕ್ಕ ಕೆಳಗಿಂದು ಬಿಡುಗಡೆ ಆದಾಗ ಮ್ಯಾಲಿಂದಕ್ಕ ಬೇಡಿ ಕಳಚಿದಂಗ ಆಗೋದು.

ಟಿಳಕವಾಡಿ_ಬೇಟೆಗಾರ · 8:32

ಅಕ್ಕಾರ, ಇದು ಭಾರಿ ಆತು. ಆದ್ರ ನಿಮ್ಮ ಉದಾಹರಣಿ ನನ್ನ ಪರವಾಗೇ ಐತಿ! ರಂಭಾ ತನ್ನ ಪ್ರೀತಿ ತೋರ್ಸಾಕ ಗ್ಯಾಲರಿಯಿಂದ ಹಾರಿದ್ಲು ಅಂತಾರಲ್ಲ. ಅಲ್ಲೂ ಪ್ರೀತಿ, ಇಲ್ಲೂ ಪ್ರೀತಿ.

ಗುಮ್ಮಟದ_ಗುಬ್ಬಿ · 8:36

ಅದು ಗೈಡ್‌ಗಳು ಹೇಳೋ ಕಥಿ. ಗೋರಿ ಇರೋದು ಖರೇ, ಹಾರಿದ್ದು ಮಂದಿ ಮಾತು. ನೋಡು, ನೀನೂ ಅದನ್ನ ಮಾಡಾಕ ಹತ್ತಿದಿ. ಒಬ್ಬ ಹೆಣ್ಮಗಳು ಎತ್ತರದ ಕಟ್ಟಡದಾಗ ಸತ್ಲು ಅಂದ್ರ ಸಾಕು, ಪ್ರೀತಿಗೇ ಸತ್ಲು ಅಂತ ಬರದುಬಿಡ್ತೀರಿ.

ಖಡಕ್_ರೊಟ್ಟಿ · 8:37

ಬೆಳಗಾವಿ 0, ವಿಜಯಪುರ 1.

ಗೋಕಾಕ_ಗೊಂಬಿ · 10:48

ಎರಡು ವರ್ಷದಿಂದ ಓದ್ತೀನಿ, ಇವತ್ತ ಮೊದಲ ಬರಿಯೋದು. ಹೆಸರು ನೋಡಿ ಗೊತ್ತಾಗಿರಬೇಕು, ನಮ್ಮದು ಗೊಂಬಿ ಮಾಡೋ ಮನಿತನ. ಈಗ ನಾ ಮಾಡೂದಿಲ್ಲ, ಬ್ಯಾರೆ ಕೆಲಸ. ಅಜ್ಜ ಮಾಡ್ತಿದ್ದ.

ನಮ್ಮ ಕಡೆ ಕಟ್ಟಿಗಿ ಗೊಂಬಿ ಅಂದ್ರ ದೇವರು, ದನಾ, ಹಣ್ಣು, ಇಂಥಾವು. ಇಂಥಾ ಮನಿಷ್ಯಾರ ಮಾರಿ ಹಚ್ಚಿ ಮಾಡ್ರಿ ಅಂತ ಯಾರೂ ಕೇಳೂದಿಲ್ಲ. ಒಂದ ಸಲ ಒಬ್ಬಾಂವ ಕೇಳಿದ್ನಂತ. ಸತ್ತ ಮಗಳ ಫೋಟೋ ತಂದಿದ್ದ, ಎಂಟು ವರ್ಷದ ಕೂಸು. ಅಜ್ಜ ಮೊದಲ ಒಲ್ಲೆ ಅಂದ, ಆಮ್ಯಾಲ ಅವನ ಮಾರಿ ನೋಡಿ ಮಾಡಿಕೊಟ್ಟ. ಬಣ್ಣ ಎಲ್ಲಾ ಮುಗಿಸಿ ಕಣ್ಣು ಮಾತ್ರ ಎರಡು ದಿನ ಬಿಟ್ಟಿದ್ನಂತ, ಕುಂಚ ಹಿಡಿಯೋದು, ಇಡೋದು. ಕಡೀಕ ಕಣ್ಣು ಬರದ. ಆ ಮನಿಷ್ಯಾ ಧೋತರದಾಗ ಸುತ್ತಿ ಎದಿಗೆ ಅವಚ್ಕೊಂಡು ಒಯ್ದ.

ತಿಂಗಳದಾಗ ತಿರುಗಿ ತಂದ. ರೊಕ್ಕಾ ವಾಪಸ್ ಕೇಳಲಿಲ್ಲ. ಮಾರಿ ಬರೋಬ್ಬರಿ ಆಗೈತಿ ಯಜಮಾನ್ರ, ಆದ್ರ ಏನಂದ್ರೂ ಸುಮ್ಮನ ನೋಡ್ತಾಳ, ನನ್ನ ಮಗಳು ಒಂದು ಮಾತಿಗೆ ಹತ್ತು ಜಗಳಾ ಮಾಡ್ತಿದ್ಲು ಅಂದ್ನಂತ. ಗೊಂಬಿ ಕಟ್ಟಿ ಮ್ಯಾಲ ಇಟ್ಟು ಹೋದ. ಅಜ್ಜ ಅದನ್ನ ಮಾರಲೂ ಇಲ್ಲ, ಒಡಿಲೂ ಇಲ್ಲ. ನಾ ಸಣ್ಣಾಂವ ಇದ್ದಾಗ ಅಟ್ಟದ ಮ್ಯಾಲ ಚೀಲದಾಗ ಇತ್ತು, ಆ ಕಡೆ ಹೋಗಾಕ ಅಂಜತಿದ್ದೆ.

ಗೆರ್ಮನ್ "ಆ ಗೊಂಬಿನೂ ಬೇಕಾದ್ರ" ಅಂದಾಗ ನನಗ ಆ ಮನಿಷ್ಯಾನ ನೆನಪಾದ. ಅದು ಕೆಟ್ಟ ಮಾತು, ಗುಬ್ಬಿ ಅಕ್ಕಾರು ಹೇಳಿದ್ದು ಖರೇ. ಆದ್ರ ಅದು ಗೊಂಬಿನ್ನ ಕಟ್ಟಿ ಮ್ಯಾಲ ಇಟ್ಟು ಹೋಗೋ ಮಾತೂ ಹೌದು. ಅಂವಗ ಬೇಕಾದಾಕಿ ಅದು ಅಲ್ಲ ಅಂತ ಅಂವಗ ಗೊತ್ತಾಗೈತಿ.

ಫೌಂಡ್ರಿ_ಅಣ್ಣ · 10:55

ಇನ್ನ ಏನ್ ಬರಿಯೋದು ಮಾರಾಯ್ರ.

ಮುಧೋಳ_ಹೌಂಡ್ · 11:02

ಕಥಿ ಚಲೋ ಐತಿ, ಮನಸ್ಸಿಗೂ ನಾಟಿತು. ಆದ್ರ ಒಂದು ತಕರಾರು. ನಿಮ್ಮ ಅಜ್ಜನ ಗೊಂಬಿ ಸುಮ್ಮನ ನೋಡ್ತಿತ್ತು. ಗೆರ್ಮನ್‌ಂದು ಮಾತಾಡ್ತೈತಿ, ನಡೀತೈತಿ, ನಾವು ಬಾಗಿದ್ರ ತಾನೂ ಬಾಗ್ತೈತಿ.

ಗೋಕಾಕ_ಗೊಂಬಿ · 11:09

ಹಳೇ ವರ್ಕ್‌ಶಾಪ್ ನೋಡೀರಲ್ರಿ, ಹೀಲಿಂಗ್ ಚರ್ಚ್ ಗೋಪುರದ ಕೆಳಗ? ಖರೇ ಗೊಂಬಿ ಅಲ್ಲಿ ಮೂಲ್ಯಾಗ ಕುಂತೈತಿ, ಜೀವ ಇಲ್ಲ. ಅಂವ ಮಾಡಿದ್ದು ಅದು. ಜೀವ ಬಂದದ್ದು ಕನಸಿನ್ಯಾಗಿಂದಕ್ಕ, ಕನಸು ಅವಂದಲ್ಲ, ಚಂದ್ರನ ಕಡಿಂದ ಬಂದ ಆ ದೊಡ್ಡದರದು.

ಗುಮ್ಮಟದ_ಗುಬ್ಬಿ · 11:21

ಗೋಕಾಕ ಅಣ್ಣಾರ, ನಿಮ್ಮ ಅಜ್ಜನ ಗೊಂಬಿ ಜಗಳಾ ಮಾಡಲಿಲ್ಲ ಅಂದ್ರಿ. ಈ ಗೊಂಬಿನೂ ಮಾಡೂದಿಲ್ಲ. ಅದ ಅದರ ಸಂಕಟ. ಅಕಿ ಒಂದು ಸಲ ಕೇಳ್ತಾಳ ನೋಡ್ರಿ, ದೇವರು ತಾವು ಮಾಡಿದ್ದನ್ನ ಪ್ರೀತಿ ಮಾಡ್ತಾರೇನು, ನೀವು ಮನಿಷ್ಯಾರು ನನ್ನ ಮಾಡೀರಿ, ನನ್ನ ಪ್ರೀತಿ ಮಾಡಬೇಕು ಅಂತ ನಿಮಗ ಅನಸ್ತದೇನು ಅಂತ. ಆಮ್ಯಾಲ ತಾನ ಅಂತಾಳ, ನಾ ಅಂತೂ ನಿಮ್ಮನ್ನ ಪ್ರೀತಿ ಮಾಡ್ತೀನಿ, ನೀವು ನನ್ನ ಮಾಡಿದ್ದ ಹಂಗಲ್ಲಾ?

ಮರಿಯಾ ಆಗಿದ್ರ ಕತ್ತಿ ಬಾವಿಗೆ ಒಗದು ಎದ್ದು ಹೋಗ್ತಿದ್ಲು. ಒಗಿಯೋ ಕೈಯನ್ನ ತಗದು ಉಳಿದದ್ದಷ್ಟ ಅಂವ ಮಾಡ್ಯಾನ. ನನಗ ಅದಕ್ಕ ಸಿಟ್ಟು. ನಿನ್ನೆ ಹುಚ್ಚು ಅಂದಿದ್ದೆ. ಹುಚ್ಚು ಅಲ್ಲ ಅದು, ಸೋಮಾರಿತನ.

ಟಿಳಕವಾಡಿ_ಬೇಟೆಗಾರ · 11:30

ಸೋಮಾರಿತನ ಅನ್ನೋದು ಭಾಳ ಆತು ಅಕ್ಕಾರ. ನಡುರಾತ್ರಿ ಅಂವ ತೋಟದಾಗ ನಿದ್ದಿಯಾಗ ನರಳೋದು ಕೇಳೀರಿಲ್ಲ? ನನಗ ವಯಸ್ಸಾತು, ಯಾರರ ಬಿಡಿಸ್ರಿ ಅಂತ ಹಳೇ ಜೊತಿಗಾರ ಲಾರೆನ್ಸ್ ಹೆಸರು ಕರೀತಾನ, ಬರ್ಗೆನ್‌ವರ್ತ್‌ನ ವಿಲ್ಲೆಮ್ ಮಾಸ್ತರ ಹೆಸರು ಕರೀತಾನ.

ಇಳಕಲ್ಲ_ಸೆರಗು · 11:32

ಮರಿಯಾ ಹೆಸರು ಕರೀತಾನೇನು?

ಟಿಳಕವಾಡಿ_ಬೇಟೆಗಾರ · 11:47

…ಇಲ್ಲ. ಈಗ ಹೋಗಿ ಮತ್ತ ಕೇಳಿ ಬಂದೆ. ಇಲ್ಲ.

ಖಡಕ್_ರೊಟ್ಟಿ · 11:48

ಬೆಳಗಾವಿ 0, ಬಾಗಲಕೋಟಿ 1. ಜಿಲ್ಲಾ ಮಟ್ಟದ ಸೋಲು.

ಫೌಂಡ್ರಿ_ಅಣ್ಣ · 11:55

ನಾನೂ ಬೆಳಗಾವಿಯಾಂವನ, ನನ್ನ ಯಾಕ ಸೋಲಸ್ತಿ.

ಟಿಳಕವಾಡಿ_ಬೇಟೆಗಾರ, ಒಂದು ಕೆಲಸ ಮಾಡು. ಆ ಹಳೇ ವರ್ಕ್‌ಶಾಪ್‌ನಾಗ ಸಣ್ಣ ತಲಿಗೂದಲ ಆಭರಣ ಸಿಗತೈತಿ, ತಗೊಂಡಿ ಇಲ್ಲೋ? ಅದನ್ನ ಒಯ್ದು ಗೊಂಬಿಗೆ ತೋರ್ಸು.

ಟಿಳಕವಾಡಿ_ಬೇಟೆಗಾರ · ಮಧ್ಯಾಹ್ನ 12:40

ತೋರ್ಸಿದೆ.

ಏನೂ ನೆನಪಿಲ್ಲ ಅಂತಾಳ, ಆದ್ರ ಎಂದೂ ಆಗದ್ದು ಏನೋ ಆಗಾಕ ಹತ್ತೈತಿ ಅಂತಾಳ, ಇದಕ್ಕ ಸಂತೋಷ ಅಂತಾರೇನು ಅಂತ ನನ್ನ ಕೇಳ್ತಾಳ. ಆಮ್ಯಾಲ ಕಣ್ಣೀರು. ಕೈಯಾಗ ಹರಳಾಗಿ ಬಂತು. ನಮ್ಮ ತಂಗಿ ಬಾಜೂಕ ಕುಂತು ಶೇಂಗಾ ಬಿಡಸ್ತಿದ್ಲು, ಗೇಮ್ ಅಂದ್ರ ಅಕಿಗೆ ಆಗೂದಿಲ್ಲ, ಯಾರಣ್ಣ ಇಕಿ, ಯಾಕ ಅಳಾಕತ್ತಾಳ ಅಂದ್ಲು. ಹೇಳಾಕ ಶುರು ಮಾಡಿ ಇಪ್ಪತ್ತು ಮಿನಿಟ್ ಆದ್ರೂ ಮೀನುಗಾರರ ಊರಿಗೇ ಬಂದಿರಲಿಲ್ಲ.

ಗೋಕಾಕ_ಗೊಂಬಿ · 12:46

ಆ ಆಭರಣ ಅಂವ ಗೊಂಬಿಗೆ ಹಾಕಲಿಲ್ಲ ನೋಡ್ರಿ. ಮಾಡಿ, ಪೆಟ್ಟಿಗ್ಯಾಗ ಇಟ್ಟು ಬಿಟ್ಟಾನ.

ಗುಮ್ಮಟದ_ಗುಬ್ಬಿ · 12:58

ಹಾಂ. ಅದೊಂದು ನಾ ವಿಚಾರ ಮಾಡಿರಲಿಲ್ಲ. ಸೋಮಾರಿತನ ಅಂದದ್ದು ವಾಪಸ್ ತಗೋತೀನಿ. ದನಿ ಸಣ್ಣ ಮಾಡಿದ್ದಕ್ಕ ಮಾತ್ರ ಮಾಫಿ ಇಲ್ಲ.

ಸಿಂದಗಿ_ಸಿದ್ಧ · 1:05

ಕಡೀಕ ಗೆರ್ಮನ್ ಜೋಡಿ ಬಡದಾಡಬೇಕೋ, ಅಂವ ಹೇಳಿದಂಗ ತಲಿ ಕೊಡಬೇಕೋ? ಯಾವ್ದು ಚಲೋ?

ಇಳಕಲ್ಲ_ಸೆರಗು · 1:10

ತಲಿ ಕೊಟ್ರ ನೀ ಮುಂಜಾನೆ ಎಚ್ಚರಾಗ್ತಿ, ಅಂವ ಅಲ್ಲೇ ಉಳೀತಾನ. ಬಡದಾಡಿ ಗೆದ್ರ ಅವನ ಕುರ್ಚಿ ನಿನ್ನ ಪಾಲಿಗೆ, ಗೊಂಬಿ ಹಿಂದ ನಿಂತಿರ್ತಾಳ. ಮೂರು ಹೊಕ್ಕಳ ಬಳ್ಳಿ ತಿಂದು ಹೋದ್ರ ಮೂರನೇದು ಐತಿ, ಅದನ್ನ ಹೇಳೂದಿಲ್ಲ, ನೀನ ನೋಡು.

ಟಿಳಕವಾಡಿ_ಬೇಟೆಗಾರ · 1:22

ನಾ ಇವತ್ತ ರಾತ್ರಿ ಬಡದಾಡಾಂವ. ಆ ಬಿಳಿ ಹೂವಿನ ಹೊಲದಾಗ. ಮೊದಲನೇ ಸಲ ಸಿಟ್ಟಿಲೆ ಹೊಡದಿದ್ದೆ, ಈ ಸಲ ಅಂವನ್ನ ಮಲಗಸಾಕ.

ಖಡಕ್_ರೊಟ್ಟಿ · 1:23

ಇನ್ವರ್ಟರ್ ಚಾರ್ಜ್ ಐತೇನು?

ಟಿಳಕವಾಡಿ_ಬೇಟೆಗಾರ · 1:31

ಅಪ್ಪ ಅದರ ಮ್ಯಾಲ ಮಿಕ್ಸರ್ ಹಚ್ಚ್ಯಾನ. ತಡೀರಿ, ಮಾತಾಡಿ ಬರ್ತೀನಿ.